ಒಂದು ಮುಷ್ಟಿ ನಾಡಿ

ಗದಗ-ಬೆಟಗೇರಿಯ ಹೆಂಗಸರು ಒಲೆ ಹೊತ್ತಿಸುವ ಮೊದಲು ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಬೇರೆ ಮಡಕೆಗೆ ಹಾಕಿಡುತ್ತಿದ್ದ ಕಾಲವೊಂದಿತ್ತು. ಅದಕ್ಕೆ ಮುಷ್ಟಿ ಎನ್ನುತ್ತಿದ್ದರು. ಮನೆಮನೆಯ ಮುಷ್ಟಿ ಸೇರಿಯೇ ಎಷ್ಟೋ ಬಡ ಹುಡುಗರ ಹೊಟ್ಟೆ ತುಂಬಿತು, ಓದು ಮುಗಿಯಿತು. ಈ ಕಥೆಯ ಕಾಲಕ್ಕೆ ಒಲೆಗಳೂ ಇರಲಿಲ್ಲ, ಮಡಕೆಗಳೂ ಇರಲಿಲ್ಲ. ಮುಷ್ಟಿಯ ಅಭ್ಯಾಸ ಮಾತ್ರ ಜನರನ್ನು ಬಿಟ್ಟಿರಲಿಲ್ಲ. ಅವರು ಈಗ ಕಾಳಿನ ಬದಲು ನಾಡಿಯನ್ನು ಕೊಡುತ್ತಿದ್ದರು.

ತೆಗೆದುಕೊಳ್ಳುತ್ತಿದ್ದದ್ದು ಕಪ್ಪತಗುಡ್ಡದ ಬುಡದಲ್ಲಿದ್ದ ಸಮನ್ವಯ ಆರೋಗ್ಯ ವಿದ್ಯಾಪೀಠ. ಅಲ್ಲಿಯ ವಿದ್ಯಾರ್ಥಿಗಳು ಎದೆಗೆ ಸ್ಟೆತಾಸ್ಕೋಪ್ ಇಡುವುದನ್ನೂ ಮಣಿಕಟ್ಟಿಗೆ ಮೂರು ಬೆರಳಿಡುವುದನ್ನೂ ಒಂದೇ ತರಗತಿಯಲ್ಲಿ ಕಲಿಯುತ್ತಿದ್ದರು. ಗುಳಿಗೆ, ಕಷಾಯ, ಉಸಿರಿನ ಅಭ್ಯಾಸ, ಇವುಗಳಲ್ಲಿ ಯಾವುದು ಯಾರಿಗೆ ಎಷ್ಟು ಹಿಡಿಸುತ್ತದೆ, ಎಲ್ಲವನ್ನೂ ಸೇರಿಸಿದರೆ ಏನಾಗುತ್ತದೆ ಎಂದು ಅಳೆದು ನೋಡುವುದು ಅವರ ಸಂಶೋಧನೆ. ಉಸಿರನ್ನು ಬಾಟಲಿಗೆ ತುಂಬಿ ಮಾರಲು ಬರುವುದಿಲ್ಲವಾದ್ದರಿಂದ ಔಷಧ ಕಂಪನಿಗಳು ಆ ಕಡೆ ತಲೆ ಹಾಕಲಿಲ್ಲ. ಸರ್ಕಾರ ನೋಡೋಣ ಎಂದಿತು. ಸರ್ಕಾರದ ನೋಡೋಣ ಹೇಗಿರುತ್ತದೆ ಎಂಬುದು ಓದುಗರಿಗೆ ಹೊಸದಲ್ಲ. ಕೊನೆಗೆ ಕಟ್ಟಡ ಎದ್ದದ್ದು ಊರವರು ಕೊಟ್ಟದ್ದರಿಂದ. ಮೇಷ್ಟ್ರುಗಳ ಸಂಬಳ, ಮೂಲಿಕೆಗಳ ತೋಟ, ಪ್ರಯೋಗಾಲಯ ಎಲ್ಲವೂ ಹಾಗೆಯೇ ಬಂದವು. ಸಂಶೋಧನೆಗೆ ಬೇಕಾದ ನಾಡಿಯನ್ನೂ ಊರವರೇ ಕೊಟ್ಟರು.

ಅದಕ್ಕಾಗಿ ವಿದ್ಯಾಪೀಠದವರು ಎದೆಬೇನೆಯವರಿದ್ದ ಮನೆಗಳಿಗೆ ನಾಡಿಮಣೆ ಎಂಬ ಸಾಧನವನ್ನು ಕೊಟ್ಟಿದ್ದರು. ನೋಡಲು ಚಪಾತಿ ಲಟ್ಟಿಸುವ ಮಣೆಯ ಹಾಗೆಯೇ ಇತ್ತು. ಬೆಳಗ್ಗೆ ಅದರ ಮೇಲೆ ಮಣಿಕಟ್ಟು ಇಟ್ಟು ಕೂತರೆ ಒಳಗಿನ ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಎರಡು ನಿಮಿಷ ಓದಿಕೊಂಡು ವಿದ್ಯಾಪೀಠಕ್ಕೆ ಕಳಿಸುತ್ತಿತ್ತು. ಅಷ್ಟೇ ಒಂದು ಮುಷ್ಟಿ. ಕೊಟ್ಟವರ ಹೆಸರು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ದಾನವೆಂದರೆ ಗುಪ್ತದಾನವೇ ಆಗಬೇಕೆಂದು ಊರ ಹಿರಿಯರು ಹಟ ಹಿಡಿದಿದ್ದರಿಂದ ಮನೆಗೊಂದು ಅಂಕೆ, ರೋಗಿಯ ವಯಸ್ಸು, ಗಂಡೋ ಹೆಣ್ಣೋ ಎಂಬುದು ಇಷ್ಟೇ ಇತ್ತು, ಹೆಸರಿರಲಿಲ್ಲ. ಬೇರೆಯವರು ಕೈಯಿಡದಂತೆ ಮಣೆಯೇ ಕಾಯುತ್ತಿತ್ತು. ಮನುಷ್ಯರ ನಡಿಗೆಯಂತೆ ನಾಡಿಯ ನಡಿಗೆಯೂ ಒಬ್ಬೊಬ್ಬರದು ಒಂದೊಂದು ಬಗೆ. ಗುರುತು ಸಿಕ್ಕರೆ ಹಸಿರು ದೀಪ, ಸಿಗದಿದ್ದರೆ ಕೆಂಪು.

ಬೆಟಗೇರಿಯ ಪ್ರಭುಲಿಂಗ ಹೊಂಬಳನ ಮನೆಯಲ್ಲೂ ಇಂಥದ್ದೊಂದು ಮಣೆ ಇತ್ತು. ಪ್ರಭುಲಿಂಗ ಹಾರ್ಮೋನಿಯಂ ರಿಪೇರಿಯವನು. ಮುಂದಿನ ಕೋಣೆಯೇ ಅವನ ಅಂಗಡಿ. ಎದೆ ಸೋತಿದೆ ಎಂದು ಡಾಕ್ಟರು ಹೇಳಿದಾಗ ಅವನು ಹೆಂಡತಿ ಸುವರ್ಣಾಗೆ, ಹಳೇ ಪೆಟ್ಟಿಗೆಯಲ್ಲವೇ, ಸ್ವರದ ಒಂದು ಮನೆ ಸಿಕ್ಕಿಕೊಂಡಿದೆ ಅಷ್ಟೇ ಎಂದು ನಕ್ಕಿದ್ದ. ಅವನ ನಾಡಿ ನಿಜಕ್ಕೂ ಹಾಗೆಯೇ ಇತ್ತು. ನಾಲ್ಕಾರು ಬಡಿತ ಸರಿಯಾಗಿ ಬಡಿದು ಒಂದು ಕಡೆ ತಡೆಯುತ್ತಿತ್ತು, ಮತ್ತೆ ಹೊರಡುತ್ತಿತ್ತು. ಸುವರ್ಣಾ ಅವನ ಮಣಿಕಟ್ಟು ಹಿಡಿದುಕೊಂಡೇ ನಿದ್ದೆ ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಆ ತಡೆ ಬಂದಾಗ ನಿದ್ದೆಯಲ್ಲೂ ಅವಳ ಉಸಿರು ನಿಲ್ಲುತ್ತಿತ್ತು.

ವಿದ್ಯಾಪೀಠದವರು ಅವನಿಗೆ ಗುಳಿಗೆಗಳ ಜೊತೆ ಕಷಾಯವನ್ನೂ, ಬೆಳಗ್ಗೆ ಕಣ್ಣು ಮುಚ್ಚಿ ಉದ್ದುದ್ದವಾಗಿ ಗುಂಯ್‌ಗುಡುವ ಅಭ್ಯಾಸವನ್ನೂ ಹೇಳಿದ್ದರು. ಒಬ್ಬನೇ ಕೂತು ದುಂಬಿಯ ಹಾಗೆ ಗುಂಯ್‌ಗುಡಲು ಅವನಿಗೆ ನಾಚಿಕೆ. ಅದಕ್ಕೇ ಸುವರ್ಣಾ ಎದುರಿಗೆ ಕೂತಳು. ಅವನು ಹಾರ್ಮೋನಿಯಂನ ಕಪ್ಪು ಎರಡನ್ನು, ಅಂದರೆ ಎರಡನೆಯ ಕಪ್ಪು ಮನೆಯನ್ನು, ಒತ್ತಿ ಶ್ರುತಿ ಕೊಡುತ್ತಿದ್ದ. ಇವಳು ಎಳೆಯುತ್ತ ಎಳೆಯುತ್ತ ಶ್ರುತಿ ಇಳಿಸಿದರೆ, ನೀರಿಗೆ ಇಳಿದ ಎಮ್ಮೆ ಎಂದು ಹೆಂಡತಿಯನ್ನು ಕೆಣಕುತ್ತಿದ್ದ. ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಬೆಳಗಿನ ಗಲಾಟೆಯೆಂದರೆ ಇದೇ. ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಅವನ ತಂಗಿ ಮೀನಾಕ್ಷಿ, ದುಂಬಿಗಳ ಪೂಜೆ ಮುಗಿಯಿತೇ ಎಂದು ಕೇಳಿಯೇ ಚಹಾ ತರುತ್ತಿದ್ದಳು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಸುವರ್ಣಾ ಊಟಕ್ಕೆ ಕರೆಯಲು ಹೋದಾಗ ಪ್ರಭುಲಿಂಗ ಅಂಗಡಿಯಲ್ಲಿ ಬಿಚ್ಚಿದ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದ್ದ. ಅವನ ಕೈ ತಿದಿಯ ಮೇಲಿತ್ತು. ಸುವರ್ಣಾ ಮಣಿಕಟ್ಟು ಹಿಡಿದಳು, ಆ ತಡೆ ಬಂದಿದೆಯೆಂದುಕೊಂಡು ಕಾದಳು. ಕಾಯುತ್ತಲೇ ಇದ್ದಳು.

ಕರ್ಮಗಳೆಲ್ಲ ಮುಗಿದ ಮೇಲೆ ಮೀನಾಕ್ಷಿ ಮಣೆಯನ್ನು ಹಿಂದಕ್ಕೆ ಕೊಟ್ಟುಬಿಡೋಣ ಎಂದಳು. ಸುವರ್ಣಾ ಒಪ್ಪಲಿಲ್ಲ. ಅತ್ತೆಯ ಕಾಲದಿಂದ ಈ ಮನೆಯ ಮುಷ್ಟಿ ತಪ್ಪಿಲ್ಲ, ತನ್ನ ಕೈಯಲ್ಲಿ ಯಾಕೆ ತಪ್ಪಬೇಕು ಎಂದಳು. ಮರುದಿನ ಬೆಳಗ್ಗೆ ಗಂಡನ ಜಾಗದಲ್ಲಿ ಕೂತು ತನ್ನ ಮಣಿಕಟ್ಟನ್ನು ಮಣೆಯ ಮೇಲಿಟ್ಟಳು. ಕೆಂಪು ದೀಪ ಹತ್ತಿತು. ಅದರ ಮಾರನೆಯ ದಿನವೂ ಕೆಂಪು. ಇವಳೂ ಬಿಡುವವಳಲ್ಲ. ಕಪ್ಪು ಎರಡನ್ನು ಒತ್ತಿ, ಅವನು ಎಳೆಯುತ್ತಿದ್ದಷ್ಟೇ ಉದ್ದಕ್ಕೆ ಉಸಿರೆಳೆದು, ಅವನು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿ, ಮತ್ತೆ ಮತ್ತೆ ಕೈಯಿಟ್ಟಳು. ನಾದಿನಿ ಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ ಬಾಯಿಗೆ ಬೀಗ ಹಾಕಿಕೊಂಡು ಚಹಾ ತಂದಿಡತೊಡಗಿದಳು.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ ಹಸಿರು ದೀಪ ಹತ್ತಿತು. ಸುವರ್ಣಾಗೆ ಮೊದಲು ನಂಬಿಕೆಯೇ ಬರಲಿಲ್ಲ. ಮಣೆ ತನ್ನ ಎಂದಿನ ಧ್ವನಿಯಲ್ಲಿ, ಗುರುತು ಸಿಕ್ಕಿತು, ಶರಣು ದಾನಿಗಳೇ, ಎಂದಿತು. ಅದು ಶರಣು ಹೇಳಿದ್ದು ಪ್ರಭುಲಿಂಗನಿಗೆ. ಇಡೀ ಊರಿನಲ್ಲಿ ಅವನು ಇದ್ದಾನೆಂದು ತಿಳಿದಿರುವ ಜೀವ ಇನ್ನೊಂದಿದೆ ಎಂದು ಅವಳಿಗೆ ಅನಿಸಿತು. ಅದು ಯಂತ್ರವೆಂಬುದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆ ದಿನ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

ನಾಡಿ ಓದಿದ ಮೇಲೆ ಮಣೆ ಕೆಲವು ಪ್ರಶ್ನೆ ಕೇಳುತ್ತಿತ್ತು. ಉಸಿರಿನ ಅಭ್ಯಾಸ ಆಯಿತೇ? ಹೌದು. ಕಷಾಯ ಕುಡಿದಿರೇ? ಚೆಲ್ಲುವುದೇಕೆಂದು ಅದನ್ನೂ ಕುಡಿಯುತ್ತಿದ್ದಳು, ಹೌದು. ಗುಳಿಗೆ ತೆಗೆದುಕೊಂಡಿರೇ? ಇಲ್ಲ. ದಾನ ಕೊಡುವ ಹೊತ್ತಿನಲ್ಲಿ ಸುಳ್ಳಾಡಬಾರದೆಂದು ಅತ್ತೆ ಹೇಳಿಕೊಟ್ಟಿದ್ದರು. ಆದ್ದರಿಂದ ಸುವರ್ಣಾ ಒಂದು ದಿನವೂ ಸುಳ್ಳು ಉತ್ತರ ಒತ್ತಲಿಲ್ಲ. ಕೈ ಯಾರದೆಂದು ಮಣೆ ಕೇಳಲಿಲ್ಲ, ಅವಳು ಹೇಳಲಿಲ್ಲ.

ವಿದ್ಯಾಪೀಠದ ನಿಯಂತ್ರಣ ಕೋಣೆಯಲ್ಲಿ ಇದು ಹೇಗೆ ಕಂಡಿತೆಂಬುದು ಅವಳಿಗೆ ಬಹಳ ಆಮೇಲೆ ತಿಳಿಯಿತು. ಅಲ್ಲಿ ಗೋಡೆಯುದ್ದದ ಪರದೆಯ ಮೇಲೆ ಪ್ರತಿ ಮನೆಗೂ ಒಂದು ಗೆರೆ. ಗೆರೆಗಳನ್ನು ಕಾಯುತ್ತಿದ್ದವಳು ಡಾಕ್ಟರ್ ತಸ್ನೀಮ್ ಮಕಾನದಾರ, ಹೃದಯದ ವೈದ್ಯೆ. ಯುನಾನಿ ಹಕೀಮನಾಗಿದ್ದ ಅಜ್ಜನ ಬಳಿ ನಾಡಿ ಹಿಡಿಯಲು ಕಲಿತವಳು. ಅವಳು ಒಂದು ಮನೆಯ ಗೆರೆಯನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟಳಂತೆ. ಕೆಲವು ತಿಂಗಳು ಖಾಲಿಯಿದ್ದ ಆ ಗೆರೆ ಮತ್ತೆ ಶುರುವಾದ ಮೇಲೆ ದಿನದಿನಕ್ಕೂ ಗಟ್ಟಿಯಾಗುತ್ತಿತ್ತು. ನಾಡಿಯ ನಡಿಗೆ ಅದೇ, ನಡುವೆ ತಡೆಯುವ ರೀತಿಯೂ ಅದೇ, ರಕ್ತನಾಳಗಳು ಮಾತ್ರ ವಯಸ್ಸನ್ನು ಕಳಚಿಟ್ಟ ಹಾಗೆ ಮೆತ್ತಗಾಗಿದ್ದವು. ಗುಳಿಗೆ ಬಿಟ್ಟಿದ್ದಾನೆ, ಗುಂಯ್‌ಗುಡುವುದನ್ನು ಬಿಟ್ಟಿಲ್ಲ, ಸೋತ ಎದೆ ಗೆಲ್ಲುತ್ತಿದೆ ಎಂದು ಅವಳು ಓದಿಕೊಂಡಳು.

ಒಂದು ಮನೆಯ ಗೆರೆ ನೋಡಿ ಹಾರಾಡಬಾರದು, ಮೊದಲು ಮನುಷ್ಯನನ್ನು ನೋಡೋಣ ಎಂದು ತಸ್ನೀಮ್ ವಿದ್ಯಾಪೀಠದ ಸಭೆಯಲ್ಲಿ ಹೇಳಿದಳು. ಸಭೆಯ ಹಿರಿಯರಿಗೆ ಅವಸರ. ದಾನಿಗಳ ದಿನ ಹತ್ತಿರ ಬಂದಿತ್ತು, ಕೊಟ್ಟ ಊರಿಗೆ ಒಂದು ಸಿಹಿ ಸುದ್ದಿ ಹೇಳಬೇಕಾಗಿತ್ತು. ಕೊಡುವವರು ಎಂದೂ ಕೇಳಿರಲಿಲ್ಲ, ತೆಗೆದುಕೊಳ್ಳುವವರೇ ಸಂಕೋಚಕ್ಕೆ ಬಿದ್ದಿದ್ದರು. ಕೆಲವು ಮನೆಗಳಲ್ಲಿ ಗುಳಿಗೆಯನ್ನು ಅರ್ಧಕ್ಕಿಳಿಸಿ ನೋಡುವ ಪ್ರಯೋಗ ಮುಂದಿನ ತಿಂಗಳಿಂದ ಎಂದು ಅವರು ತೀರ್ಮಾನ ಮಾಡಿದರು. ಸುದ್ದಿ ಊರಿಗೆ ಸೋರಿತು, ಸೋರುವಾಗ ಸ್ವಲ್ಪ ಉಬ್ಬಿಕೊಂಡಿತು.

ಇತ್ತ ಮಣೆ ಸುವರ್ಣಾಗೆ ಹೊಸ ಪ್ರಶ್ನೆ ಕೇಳತೊಡಗಿತು. ವಿದ್ಯಾಪೀಠದವರು ದಾನಿಗಳನ್ನು ಕಾಣಲು ಬರಬಹುದೇ? ಅವಳು ಕೈಯನ್ನು ಮಣೆಯಿಂದ ಹಿಂದಕ್ಕೆ ಎಳೆದುಕೊಂಡಳು. ಇಲ್ಲ ಎಂದು ಒತ್ತಿದಳು. ಮರುದಿನ ಮತ್ತೆ ಕೇಳಿತು, ಮತ್ತೆ ಇಲ್ಲ ಎಂದಳು. ಯಾರಾದರೂ ಬಂದರೆ ಮಣೆ ಹೋಗುತ್ತದೆ, ಹಸಿರು ದೀಪ ಹೋಗುತ್ತದೆ, ಪ್ರಭುಲಿಂಗ ಎರಡನೆಯ ಸಲ ಹೋಗುತ್ತಾನೆ. ಒಂದು ಸಲದ್ದನ್ನೇ ಅವಳಿಗೆ ಇನ್ನೂ ತಾಳಿಕೊಳ್ಳಲು ಆಗಿರಲಿಲ್ಲ.

ಆ ಓಣಿಯ ತುದಿಯಲ್ಲಿ ಕಸ್ತೂರೆವ್ವ ಎಂಬ ಹೂವಿನವಳ ಮನೆ. ಅವಳಿಗೂ ಎದೆಬೇನೆ, ಅವಳ ಮನೆಯಲ್ಲೂ ಮಣೆ. ಸಂಜೆ ಮಾಲೆ ತರಲು ಹೋದ ಸುವರ್ಣಾ, ಹೂವಿನ ಬುಟ್ಟಿಯ ಪಕ್ಕ ಗುಳಿಗೆಗಳು ಬಿಚ್ಚದೆ ಬಿದ್ದಿದ್ದನ್ನು ನೋಡಿದಳು. ಕಸ್ತೂರೆವ್ವನ ಕಾಲು ಬಾತಿದ್ದವು. ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ಏದುಸಿರು.

"ಗುಳಿಗಿ ಯಾಕ ತಗೊಂಡಿಲ್ಲವ್ವಾ?" ಎಂದಳು ಸುವರ್ಣಾ.

"ಅರ್ಧ ಸಾಕು ಅನ್ನಾಕತ್ತಾರಂತ. ಅರ್ಧಕ್ಕ ಯಾಕ ನಿಲ್ಲಬೇಕು ಅಂತ ಪೂರಾನ ಬಿಟ್ಟೇನಿ," ಎಂದು ಕಸ್ತೂರೆವ್ವ ನಕ್ಕಳು. "ಈ ಊರಾಗ ಯಾರೋ ಒಬ್ಬ ಪುಣ್ಯಾತ್ಮ ಬರೇ ಗುಂಯ್‌ ಅಂದು ಗುಣಾ ಆಗ್ಯಾನಂತ. ಅವಗ ಆದದ್ದು ನನಗ ಯಾಕ ಆಗಬಾರದು?"

ಸುವರ್ಣಾ ಮಾಲೆ ತೆಗೆದುಕೊಳ್ಳಲಿಲ್ಲ. ಗುಳಿಗೆ ಬಿಚ್ಚಿ, ನೀರು ಕೊಟ್ಟು, ಕಸ್ತೂರೆವ್ವ ನುಂಗುವ ತನಕ ಎದುರಿಗೆ ನಿಂತಳು. ಮನೆಗೆ ಬಂದು ಮೀನಾಕ್ಷಿಯ ಮುಂದೆ ಕುಸಿದು ಕೂತು, ಆ ಪುಣ್ಯಾತ್ಮ ಯಾರೆಂದು ಹೇಳಿದಳು. ಮೀನಾಕ್ಷಿ, ನಾಳೆ ಶಾಲೆಗೆ ರಜೆ ಹಾಕುತ್ತೇನೆ, ಜೊತೆಗೆ ಬರುತ್ತೇನೆ ಎಂದಳು. ಬೇಡ ಎಂದಳು ಸುವರ್ಣಾ. ಒಬ್ಬಳೇ ಕಟ್ಟಿಕೊಂಡದ್ದನ್ನು ಒಬ್ಬಳೇ ಬಿಚ್ಚಬೇಕಾಗಿತ್ತು.

ಬೆಳಗಿನ ಬಸ್ಸಿಗೆ ವಿದ್ಯಾಪೀಠಕ್ಕೆ ಹೊರಟಾಗ ಮಣೆಯನ್ನು ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಅಂದು ಕೈಯಿಟ್ಟಿರಲಿಲ್ಲ. ಒಮ್ಮೆ, ಕೊನೆಯದಾಗಿ ಒಮ್ಮೆ, ಎಂದು ಮನಸ್ಸು ಎಳೆದಿತ್ತು. ಇಟ್ಟರೆ ಬಸ್ಸು ಹತ್ತಲು ತನ್ನಿಂದ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮನೆಯ ಅಂಕೆ ಕೇಳಿದ್ದೇ ತಡ, ತಸ್ನೀಮ್ ಓಡಿ ಬಂದಳು. ಯಜಮಾನರನ್ನು ಕರೆತಂದಿದ್ದೀರಾ ಎಂದು ಬಾಗಿಲ ಕಡೆ ಕಣ್ಣು ಹಾಯಿಸಿದಳು. ಆ ಮುಖದಲ್ಲಿದ್ದ ಸಂತೋಷ ನೋಡಿ ಸುವರ್ಣಾ ಮಣೆಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಈಗ ಹೇಳಬೇಕಾಗಿದ್ದ ಮಾತನ್ನು ಅವಳು ಇಷ್ಟು ದಿನ ಯಾರೆದುರೂ ಆಡಿರಲಿಲ್ಲ. ಕೇಳಿದವರಿಗೆ, ಅವರು ಇಲ್ಲ ಎಂದಷ್ಟೇ ಹೇಳುತ್ತಿದ್ದಳು, ಪೇಟೆಗೆ ಹೋದವರ ಬಗ್ಗೆ ಹೇಳುವ ಹಾಗೆ.

"ಅವರು ಸತ್ತಾರ್ರಿ," ಎಂದಳು. "ಯುಗಾದಿ ಆದ ಮ್ಯಾಲ ಸತ್ತಾರ. ಈ ಕೈ ನಂದರಿ."

ಉಳಿದದ್ದನ್ನೆಲ್ಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ತಸ್ನೀಮ್ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು. ಪರದೆಯ ಮೇಲೆ ಆ ಗೆರೆಯನ್ನು ತೆಗೆದು, ಖಾಲಿ ಬಿಟ್ಟ ಜಾಗದ ಮೇಲೆ ಬೆರಳಿಟ್ಟು, ಇದನ್ನು ನಾನು ಮಣೆ ಕೆಟ್ಟಿದ್ದ ತಿಂಗಳುಗಳೆಂದುಕೊಂಡಿದ್ದೆ ಎಂದಳು. ಮಣೆ ಮೋಸ ಹೋದದ್ದು ಹೇಗೆಂಬುದು ಅವಳಿಗೆ ಹೊಳೆಯಲು ತಡವಾಗಲಿಲ್ಲ. ಉಸಿರನ್ನು ಉದ್ದಕ್ಕೆ ಬಿಡುವಾಗ ಎದೆಬಡಿತ ತಾನೇ ನಿಧಾನವಾಗುತ್ತದೆ; ತಿಂಗಳುಗಟ್ಟಲೆ ಗಂಡನ ಉಸಿರನ್ನೇ ಉಸಿರಾಡಿದವಳಲ್ಲಿ ಅವನ ತಡೆ ಬರುತ್ತಿದ್ದ ಕಡೆಯೇ ಒಂದು ಬಿಡುವು ಹುಟ್ಟಿಕೊಂಡಿತ್ತು. ಒಂದು ರೋಗದ ತಡೆ, ಇನ್ನೊಂದು ಆರೋಗ್ಯದ ಬಿಡುವು. ಮಣೆಗೆ ಎರಡೂ ಒಂದೇ ನಡಿಗೆಯಾಗಿ ಕಂಡಿತ್ತು. ಇಷ್ಟನ್ನು ವಿವರಿಸಿದ ಮೇಲೆ ಅವಳಿಗೆ ಸಿಟ್ಟು ಬಂತು, ಬರಬೇಕಾದ್ದೇ.

ಅರ್ಧ ಗುಳಿಗೆ ನುಂಗಬೇಕಾಗಿದ್ದವರ ಮನೆಗಳನ್ನು ಅವಳು ಪರದೆಯ ಮೇಲೆ ತೋರಿಸಿದಳು. ಮಾತು ಜೋರಾಗಲಿಲ್ಲ. "ನಿಮ್ಮ ಯಜಮಾನರು ದಿನಾ ಬೆಳಿಗ್ಗೆ ಕೊಟ್ಟರು. ಗುಂಯ್‌ ಅಂದರೂ, ಗುಳಿಗಿ ತಗೊಂಡರೂ ಅವರು ಉಳೀಲಿಲ್ಲ ಅನ್ನೋದು ನಮಗ ಗೊತ್ತಾಗಬೇಕಾಗಿತ್ತು. ಅದೂ ಅವರು ಕೊಟ್ಟದ್ದ ಆಗಿತ್ತು, ಅವ್ವಾರ. ಅದನ್ನ ನೀವು ಇಟಗೊಂಡ್ರಿ."

ಸುವರ್ಣಾ ತಲೆ ತಗ್ಗಿಸಿದಳು. ಮುಷ್ಟಿ ಕೊಡುತ್ತಿದ್ದೇನೆ ಎಂದು ಇಷ್ಟು ದಿನ ತಿಳಿದಿದ್ದಳು. ಮಣೆಯನ್ನು ಸೀರೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ತಸ್ನೀಮ್ ಆ ಮನೆಯ ಗೆರೆಯನ್ನು ಪ್ರಭುಲಿಂಗ ಸತ್ತ ದಿನದಿಂದಾಚೆ ಅಳಿಸಿ ಹಾಕಿ, ಪ್ರಯೋಗ ನಿಲ್ಲಿಸಲು ಮೇಲಿನವರಿಗೆ ಹೇಳಿ ಬಂದಳು. ಸಿಹಿ ಸುದ್ದಿ ಕಾಯುತ್ತಿದ್ದವರು ಏನೆಂದರೋ, ಬಂದಾಗ ಅವಳ ಕಿವಿ ಕೆಂಪಾಗಿದ್ದವು. ಕಸ್ತೂರೆವ್ವನ ವಿಷಯ ಹೇಳಿದಾಗ ಅವಳ ಮನೆಗೆ ಅಂದೇ ಒಬ್ಬ ಡಾಕ್ಟರನ್ನು ಕಳಿಸಿದಳು.

ಇನ್ನು ಕೇಳುವುದೇನೂ ಉಳಿದಿರಲಿಲ್ಲ. ಸುವರ್ಣಾ ಏಳಲಿಲ್ಲ. ತಸ್ನೀಮ್ ಅವಳ ಬರಿಗೈಗಳನ್ನು ನೋಡಿದಳು. ಸಿಟ್ಟು ಇಳಿದಿರಬೇಕು, ಬನ್ನಿ ಎಂದು ಕರೆದುಕೊಂಡು ಹೋದಳು.

ಅದು ಎರಡನೆಯ ವರ್ಷದವರ ತರಗತಿ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ರಬ್ಬರಿನ ಕೈಗಳಿದ್ದವು. ದಾನವಾಗಿ ಬಂದ ನಾಡಿಯನ್ನು ಆ ಕೈಗಳಿಗೆ ಕಳಿಸಿದರೆ ಮಣಿಕಟ್ಟಿನಲ್ಲಿ ಅದು ಮತ್ತೆ ಬಡಿಯುತ್ತಿತ್ತು. ವಿದ್ಯಾರ್ಥಿಗಳು ಬೆರಳಿಟ್ಟು ಕಲಿಯುತ್ತಿದ್ದದ್ದು ಅದರ ಮೇಲೆಯೇ. ಪ್ರಭುಲಿಂಗ ಬದುಕಿದ್ದ ಕೊನೆಯ ಬೆಳಗಿನ ನಾಡಿ ಇಲ್ಲಿದೆ, ಇಂದಿನಿಂದ ಇದನ್ನು ಸೋಲುತ್ತಿರುವ ಎದೆ ಹೇಗೆ ಬಡಿಯುತ್ತದೆಂದು ಕಲಿಸಲು ಇಟ್ಟುಕೊಳ್ಳುತ್ತೇವೆ, ಮೊದಲು ನೀವು ಹಿಡಿಯಿರಿ ಎಂದಳು ತಸ್ನೀಮ್. ಬೆರಳಿಡಲು ಕಾಯುತ್ತಿದ್ದ ಹುಡುಗಿಯೊಬ್ಬಳು ಹಿಂದೆ ಸರಿದು ಜಾಗ ಬಿಟ್ಟಳು.

ಸುವರ್ಣಾ ಬೆರಳಿಟ್ಟಳು. ರಬ್ಬರು ತಣ್ಣಗಿತ್ತು. ಒಂದು ಬಡಿತ, ಇನ್ನೊಂದು. ಅವನೇ. ಕಣ್ಣು ಮುಚ್ಚಿ ಅವಳು ಆ ತಡೆಗಾಗಿ ಕಾದಳು. ತಡೆ ಬಂತು, ಅವಳು ಬೆಚ್ಚಿಬಿದ್ದಳು. ಇಷ್ಟು ದಿನ ತನ್ನ ಮಣಿಕಟ್ಟಿನಲ್ಲಿ ಅವಳು ಸಾಕಿಕೊಂಡಿದ್ದ ಬಿಡುವು ಇದಾಗಿರಲಿಲ್ಲ. ಅದು ಮೆತ್ತಗೆ ನಿಂತು ಮೆತ್ತಗೆ ಹೊರಡುತ್ತಿತ್ತು. ಇದು ಮುಗ್ಗರಿಸಿ ಬೀಳುತ್ತಿತ್ತು. ಬಿದ್ದಲ್ಲಿಂದ ಕೈಯೂರಿ ಏಳುತ್ತಿತ್ತು, ಎದ್ದು ಎರಡು ಹೆಜ್ಜೆ ಓಡುತ್ತಿತ್ತು, ಮತ್ತೆ ಬೀಳುತ್ತಿತ್ತು. ಅವನು ಬದುಕಿದ್ದಾಗ ದಿನವೂ ಹಿಡಿದದ್ದು ಇದೇ ನಾಡಿ. ಅವಳು ಅದನ್ನು ಮರೆತೇಬಿಟ್ಟಿದ್ದಳು. ಅವನು ಬೇಕು ಬೇಕು ಎಂದು ಹಂಬಲಿಸುತ್ತ, ತನ್ನ ಕೈಯೊಳಗೆ ಅವನ ನೋವನ್ನೆಲ್ಲ ತೆಗೆದುಹಾಕಿ ಅವನನ್ನು ಗುಣಪಡಿಸಿಕೊಂಡಿದ್ದಳು. ಇವನು ಗುಣವಾಗಿರಲಿಲ್ಲ. ಆ ಬೆಳಗ್ಗೆ ಎದುರಿಗೆ ಕೂತು ಎಮ್ಮೆ ಎಂದು ಕೆಣಕುತ್ತಿದ್ದಾಗಲೂ ಒಳಗೆ ಹೀಗೆ ಬಿದ್ದು ಏಳುತ್ತಿದ್ದ.

ಮುಷ್ಟಿ ಮುಗಿಯಿತು, ಬಡಿತ ನಿಂತಿತು. ಇನ್ನೊಮ್ಮೆ ಹಾಕಲೇ, ಎಷ್ಟು ಸಲ ಬೇಕಾದರೂ ಹಾಕಬಹುದು ಎಂದು ತಸ್ನೀಮ್ ಮೆಲ್ಲಗೆ ಕೇಳಿದಳು. ಬೇಕು ಎಂದೇ ಸುವರ್ಣಾಗೆ ಅನಿಸಿತು. ಈ ಮೇಜಿನ ಮುಂದೆಯೇ ಕೂತು ಬದುಕು ಮುಗಿಸಿಬಿಡಬಹುದು ಎನಿಸಿತು. ಹಿಂದೆ ನಿಂತಿದ್ದ ಹುಡುಗಿ ಬೆರಳುಗಳನ್ನು ಬೆಚ್ಚಗಾಗಲೆಂದು ಉಜ್ಜಿಕೊಳ್ಳುತ್ತಿದ್ದಳು.

ಸುವರ್ಣಾ ಕೈ ಎತ್ತಿಕೊಂಡು ಪಕ್ಕಕ್ಕೆ ಸರಿದಳು.

"ಬಾರವ್ವ, ಹಿಡಿ," ಎಂದಳು. "ಹಗೂರ ಹಿಡಿ. ಭಾಳ ದಣಿದಾರ."